ಮ್ಯಾಟ್ ಎತ್ತಿ ನೋಡಿ, ಕೆಳಗೆ ರಸ್ತೆ ಕಾಣುತ್ತದೆ

ಆಲೂರು, ಪಾಳ್ಯ, ಬಾಳ್ಳುಪೇಟೆ, ಸಕಲೇಶಪುರದ ಕಡೆ ಓಡುವ ಹಳೇ ಜೀಪು, ಓಮ್ನಿ, ಪಿಕಪ್‌ಗಳ ಮಾಲೀಕರಿಗೆ ನಾವು ಒಂದು ಮಾತು ನೇರವಾಗಿ ಹೇಳುತ್ತೇವೆ. ನಿಮ್ಮಲ್ಲಿ ಬಹಳ ಜನರ ಗಾಡಿಯ ತಳ ತುಕ್ಕು ತಿಂದು ಹೋಗಿದೆ. ಅದು ನಿಮಗೂ ಗೊತ್ತು. ಗೊತ್ತಿದ್ದೂ ಮೇಲೊಂದು ಮ್ಯಾಟ್ ಹಾಸಿ ಸುಮ್ಮನಿದ್ದೀರಿ.

ಎಫ್‌ಸಿ ದಿನ ಹತ್ತಿರ ಬಂದರೆ ನಡೆಯುವುದು ಒಂದೇ ನಾಟಕ. ತೂತಿನ ಮೇಲೊಂದು ತೆಳು ತಗಡು, ನಾಲ್ಕು ಮೂಲೆಗೆ ನಾಲ್ಕು ಚುಕ್ಕೆ ವೆಲ್ಡಿಂಗ್, ಅದರ ಮೇಲೆ ಡಾಂಬರು, ಕಪ್ಪು ಪೇಂಟು, ಹೊಸ ಮ್ಯಾಟ್. ಆರಿದ್ರಾ ಮಳೆ ಹಿಡಿದು ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಆ ತಗಡಿನ ಸುತ್ತ ಮತ್ತೆ ತೂತು. ಮುಂದಿನ ವರ್ಷ ಇನ್ನೂ ದೊಡ್ಡ ತಗಡು. ಇದಕ್ಕೆ ರಿಪೇರಿ ಅನ್ನಬೇಡಿ. ಇದು ಮುಚ್ಚಿಡುವ ಕೆಲಸ.

ಮುಚ್ಚಿಟ್ಟದ್ದರ ಮೇಲೆ ಕಾಲಿಟ್ಟು ಕೂರುವವರು ಯಾರು? ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಹಣ್ಣು ಕುಯ್ಯಲು ಹೋಗುವ ಹೆಂಗಸರು. ಬಸ್ಸಿಲ್ಲದ ಊರಿನ ಶಾಲೆ ಮಕ್ಕಳು. ಆಸ್ಪತ್ರೆಗೆ ಹೊರಟ ಬಸುರಿ, ಮುದುಕರು. ಹಿಂದಿನ ಬೆಂಚಿನಲ್ಲಿ ಎದುರುಬದುರು ಕೂತವರ ಕಾಲಿಗೂ ಓಡುವ ರಸ್ತೆಗೂ ನಡುವೆ ಇರುವುದು ಆ ತೆಳು ತಗಡು ಮಾತ್ರ. ಮಾಲೀಕರು ಮುಂದೆ ಕೂರುತ್ತಾರೆ.

ಕಾಲು ಸಿಕ್ಕಿಕೊಳ್ಳುವುದು ಕಣ್ಣಿಗೆ ಕಾಣುವ ಅಪಾಯ. ಕಾಣದ ಅಪಾಯ ಹೊಗೆ. ಸೈಲೆನ್ಸರ್ ಪೈಪು ತಳದ ಕೆಳಗೇ ಹಾದುಹೋಗುತ್ತದೆ. ಪೈಪಿನಲ್ಲಿ ಬಿರುಕು, ಮೇಲೆ ತಳದಲ್ಲಿ ತೂತು, ಮಳೆಯೆಂದು ಗಾಜು ಏರಿಸಿದ್ದರೆ ಹೊಗೆ ಒಳಗೇ ತುಂಬುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಇದು ಡೀಸೆಲ್‌ಗಿಂತ ಹೆಚ್ಚು. ತಲೆನೋವು, ವಾಕರಿಕೆ, ತೂಕಡಿಕೆ ಬಂದರೆ ನಾವು ಘಾಟಿ ತಿರುವಿನ ಮೇಲೆ ತಪ್ಪು ಹೊರಿಸುತ್ತೇವೆ. ಕೂತವರಿಗೆಲ್ಲ ಒಟ್ಟಿಗೆ ತಲೆನೋವು ಬಂದರೆ ತಿರುವನ್ನು ಬೈಯಬೇಡಿ, ಗಾಜು ಇಳಿಸಿ, ತಳ ನೋಡಿ.

"ಮಲೆನಾಡಲ್ಲಿ ಮಳೆ ಸುರಿಯುತ್ತೆ, ತುಕ್ಕು ಹಿಡಿಯದೆ ಇರುತ್ತಾ?" ಎಂದು ಕೇಳುವವರಿದ್ದಾರೆ. ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿಲಿಮೀಟರ್ ಮೀರಿ ಮಳೆಯಾಗುತ್ತದೆ, ನಿಜ. ಅದೇ ಮಳೆ ನಮ್ಮ ಮನೆ ಮೇಲೂ ಬೀಳುತ್ತದಲ್ಲ? ಮನೆ ಸೋರಿದರೆ ಯಾರಾದರೂ ನೆಲಕ್ಕೆ ಸಿಮೆಂಟು ಮೆತ್ತುತ್ತಾರಾ? ಏಣಿ ಹಾಕಿ ಯಾವ ಹೆಂಚು ಒಡೆದಿದೆ ನೋಡುತ್ತೇವೆ. ಮಳೆಗೆ ಮೊದಲೇ ಹೆಂಚು ಕೈಯಾಡಿಸುತ್ತೇವೆ. ಗಾಡಿ ವಿಷಯ ಬಂದಾಗ ಮಾತ್ರ ಆ ಬುದ್ಧಿ ಎಲ್ಲಿ ಹೋಗುತ್ತದೆ? ನೀರು ಎಲ್ಲಿಂದ ಬರುತ್ತಿದೆ ಎಂದು ಕೇಳದೆ ತಳಕ್ಕೆ ತಗಡು ಮೆತ್ತುವುದು, ಸೋರುವ ಮನೆಯ ನೆಲಕ್ಕೆ ಸಿಮೆಂಟು ಮೆತ್ತಿದ ಹಾಗೆ.

ತುಕ್ಕು ಕೆಳಗಿನ ಕೆಸರಿನಿಂದ ಮಾತ್ರ ಬರುವುದಿಲ್ಲ, ಮೇಲಿನಿಂದಲೂ ತಿನ್ನುತ್ತದೆ. ಒಳಗೆ ಇಳಿದ ನೀರನ್ನು ಮ್ಯಾಟಿನ ಕೆಳಗಿನ ಸ್ಪಂಜು ಹೀರಿಕೊಂಡು ವಾರಗಟ್ಟಲೆ ಹಿಡಿದಿಡುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಜೋಡಣೆಯಲ್ಲಿ ನೀರು ಹೊಕ್ಕರೆ ಒಣಗುವುದೇ ಇಲ್ಲ. ಅದಕ್ಕೇ ತೂತು ಹೆಚ್ಚಾಗಿ ಜೋಡಣೆಯ ಪಕ್ಕದಲ್ಲೇ ಶುರುವಾಗುತ್ತದೆ.

ಜೊತೆಗೆ ನಾವು ಹೇರುವ ಸರಕು ನೋಡಿ. ಗೊಬ್ಬರದ ಪೊಟ್ಯಾಷ್ ಒಂದು ಬಗೆಯ ಉಪ್ಪು. ಚೀಲ ಸೋರಿ ಒದ್ದೆ ತಳಕ್ಕೆ ಬಿದ್ದರೆ ತುಕ್ಕಿಗೆ ಹಬ್ಬ. ಮೈಲುತುತ್ತ ಅದಕ್ಕಿಂತ ಜೋರು. ಬೋರ್ಡೋ ಕಲಸುವಾಗ ಕಬ್ಬಿಣದ ಡ್ರಮ್ ಬೇಡ ಎನ್ನುತ್ತೇವೆ. ಸುಣ್ಣ ಸಾಕೇ ಎಂದು ತಿಳಿಯಲು ಕುಡುಗೋಲಿನ ತುದಿ ಅದ್ದಿ, ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಹಾಕುತ್ತೇವೆ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ ಎಂದು ಕುಡುಗೋಲಿನಲ್ಲಿ ಕಂಡವರೇ, ಅದರ ಚೀಲವನ್ನು ಜೀಪಿನ ತಳಕ್ಕೆ ಎಸೆದು ಹೋಗುತ್ತೇವೆ. ಕೆಳಗೊಂದು ಟಾರ್ಪಾಲು ಹಾಕಿ, ಇಳಿಸಿದ ದಿನವೇ ತಳ ತೊಳೆದು ಒಣಗಿಸಿದರೆ ಏನು ಕಳೆದುಕೊಳ್ಳುತ್ತೇವೆ?

ಸೋರುವ ಜಾಗ ಹುಡುಕಲು ದೊಡ್ಡ ಯಂತ್ರ ಬೇಡ. ಇಬ್ಬರು ಜನ, ಒಂದು ನೀರಿನ ಪೈಪು, ಒಂದು ಟಾರ್ಚು, ಅರ್ಧ ದಿನ ಸಾಕು. ಸೀಟು, ಮ್ಯಾಟ್ ಎಲ್ಲ ತೆಗೆದು ತಳ ಒಣಗಿಸಿ, ಹಳೇ ಪೇಪರ್ ಹಾಸಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಇನ್ನೊಬ್ಬರು ಹೊರಗಿನಿಂದ ನೀರು ಬಿಡಲಿ, ಆದರೆ ಕೆಳಗಿನಿಂದ ಮೇಲಕ್ಕೆ. ಮೊದಲು ಚಕ್ರದ ಗೂಡು, ಆಮೇಲೆ ಬಾಗಿಲ ಕೆಳಭಾಗ, ಆಮೇಲೆ ಮುಂದಿನ ಗಾಜಿನ ರಬ್ಬರು, ಕೊನೆಗೆ ಛಾವಣಿಯ ಅಂಚು. ಒಂದೊಂದು ಜಾಗಕ್ಕೂ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು ಯಾವ ತೂತಿನದು ಎಂದು ತಿಳಿಯುವುದೇ ಇಲ್ಲ. ಪೇಪರ್ ಒದ್ದೆಯಾದ ಜಾಗವೇ ತೂತಿನ ಜಾಗ ಅಂತಲೂ ಅಲ್ಲ. ನೀರು ತಗಡಿನ ಮೇಲೆ ಹರಿದು ಬಂದಿರುತ್ತದೆ, ಜಾಡು ಹಿಡಿದು ಮೇಲಕ್ಕೆ ಹೋಗಿ.

ಬಾಗಿಲ ರಬ್ಬರಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಒಂದು ಕಾಗದದ ಚೂರು ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ರಬ್ಬರು ಕೂತಿಲ್ಲ. ಬಾಗಿಲ ಕೆಳಗಿನ ಸಣ್ಣ ಕಿಂಡಿಗಳು ಕೆಸರಿನಿಂದ ಮುಚ್ಚಿವೆಯೇ? ಗಾಜಿನ ಬುಡದಲ್ಲಿ ಸಿಲ್ವರ್ ಓಕ್ ಎಲೆ ಕೂತು ನೀರು ಕಟ್ಟಿದೆಯೇ? ವೈರು, ಕೇಬಲ್ಲು ಒಳಗೆ ಬರುವ ತೂತಿನ ರಬ್ಬರು ಬಿದ್ದುಹೋಗಿದೆಯೇ? ಇಷ್ಟು ನೋಡಿದರೆ ಬಹುಪಾಲು ಸೋರಿಕೆ ಸಿಕ್ಕಿಬಿಡುತ್ತದೆ. ಎಸಿ ಗಾಡಿಯಾದರೆ ಎಸಿ ನೀರು ಹೊರಹೋಗುವ ಪೈಪು ಕಟ್ಟಿದೆಯೇ ನೋಡಿ. ಪೆಡಲಿನ ಹತ್ತಿರ ಜಿಡ್ಡು ಜಿಡ್ಡಾಗಿ ಇಳಿದಿದ್ದರೆ ಅದು ಮಳೆ ನೀರಲ್ಲ, ಬ್ರೇಕ್ ಆಯಿಲ್ ಇರಬಹುದು. ಗಾಡಿ ಅಲ್ಲೇ ನಿಲ್ಲಿಸಿ, ಮೆಕ್ಯಾನಿಕ್ ಕರೆಸಿ.

ಸೋರಿಕೆ ನಿಂತ ಮೇಲೆ ಟಿಂಕರ್ ಕೆಲಸ. ಸ್ಕ್ರೂಡ್ರೈವರಿನಿಂದ ಒತ್ತಿ, ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ತಗಡಿನ ಸದ್ದೇ ಬೇರೆ, ತಿಂದ ತಗಡಿನ ಸದ್ದೇ ಬೇರೆ. ತಿಂದದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ತುಕ್ಕಿನ ಮೇಲೆ ತಗಡು ಹಾಕಬಾರದು. 18 ಗೇಜಿನ ಹೊಸ ತಗಡು ಕೂರಿಸಿ, ಸುತ್ತ ಸಂದಿಲ್ಲದಂತೆ ವೆಲ್ಡ್ ಮಾಡಿ, ಜೋಡಣೆಗೆ ಸೀಲರ್, ಎರಡೂ ಕಡೆ ಪ್ರೈಮರ್, ಒಣಗಿದ ಮೇಲೆ ಕೆಳಗೆ ಅಂಡರ್‌ಕೋಟ್. ಒದ್ದೆ ತುಕ್ಕಿನ ಮೇಲೆ ಬಳಿದ ಡಾಂಬರು ನೀರನ್ನು ಒಳಗೇ ಹಿಡಿದಿಟ್ಟು ಇನ್ನೂ ಬೇಗ ತಿನ್ನಿಸುತ್ತದೆ. ಮನೆ ಛಾವಣಿಯಲ್ಲಿ ಉಳಿದ ಜಿಐ ಶೀಟು ಬೇಡ, ಅದನ್ನು ಸುಟ್ಟಾಗ ಬರುವ ಹೊಗೆ ವೆಲ್ಡರಿಗೆ ಜ್ವರ ತರಿಸುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ವೈರು ಬಿಚ್ಚಿ. ಪೆಟ್ರೋಲ್ ಟ್ಯಾಂಕು, ಪೈಪು, ಗ್ಯಾಸ್ ಸಿಲಿಂಡರ್ ಹತ್ತಿರವಿದ್ದರೆ ಕಳಚಿ ದೂರ ಇಡಿಸಿ. ಚಾಸಿ, ಸೀಟು ಕೂರುವ ಬೋಲ್ಟು, ಬೆಲ್ಟು ಕಟ್ಟುವ ಜಾಗವನ್ನೇ ತುಕ್ಕು ತಿಂದಿದ್ದರೆ ತೇಪೆಯ ಮಾತು ಬಿಡಿ. ಆ ಭಾಗವನ್ನೇ ಹೊಸದಾಗಿ ಕಟ್ಟಿಸಬೇಕು, ಇಲ್ಲವೇ ಜನ ಕೂರಿಸುವುದನ್ನು ನಿಲ್ಲಿಸಬೇಕು.

ಟಿಂಕರ್‌ಗಳಿಗೆ ಇದೆಲ್ಲ ಗೊತ್ತಿಲ್ಲ ಎಂದು ನಾವು ಹೇಳುತ್ತಿಲ್ಲ. ಚೆನ್ನಾಗಿ ಗೊತ್ತು. "ಸದ್ಯಕ್ಕೆ ಒಂದು ಪ್ಯಾಚ್ ಹಾಕಿಬಿಡಪ್ಪ, ಎಫ್‌ಸಿ ಆದರೆ ಸಾಕು" ಎನ್ನುವವರು ನಾವು. ಹಾಗೆ ಕೇಳಿದವರಿಗೆ ಹಾಗೇ ಕೆಲಸ ಸಿಗುತ್ತದೆ.

"ಹಳೇ ಗಾಡಿಗೆ ಇಷ್ಟು ದುಡ್ಡು ಯಾಕೆ?" ಎನ್ನುವವರಿಗೂ ಉತ್ತರವಿದೆ. ಬಾಡಿಗೆಗೆ ಓಡುವ ಗಾಡಿಗೆ 8 ವರ್ಷವಾದ ಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಲೇಬೇಕು. ಸ್ವಂತದ ಕಾರಿಗೆ 15 ವರ್ಷವಾದ ಮೇಲೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಆ ಶುಲ್ಕ 600 ರೂಪಾಯಿಂದ 5000ಕ್ಕೆ ಏರಿತು. ಕಾಗದ ಉಳಿಸಿಕೊಳ್ಳಲು ಅಷ್ಟು ಕಟ್ಟುವವರು, ತಳ ಉಳಿಸಿಕೊಳ್ಳಲು ಬಾಗಿಲ ರಬ್ಬರಿಗೆ ದುಡ್ಡಿಲ್ಲ ಅಂದರೆ ಯಾರು ನಂಬುತ್ತಾರೆ? ವರ್ಷಾವರ್ಷ ಹಾಕಿದ ತೇಪೆಯ ಲೆಕ್ಕ ಒಮ್ಮೆ ಕೂಡಿಸಿ ನೋಡಿ.

ಎಫ್‌ಸಿ ಕಾಗದ ಹೇಳುವುದು ಆ ದಿನದ ಮಾತು. ಉಳಿದ ದಿನಗಳಿಗೆ ಮಾಲೀಕರೇ ಹೊಣೆ. ಆಳು ಕರೆಸುವ ತೋಟದ ಸಾಹುಕಾರರೂ, ಗಾಡಿ ಗೊತ್ತು ಮಾಡುವ ಮೇಸ್ತ್ರಿಗಳೂ ಅದರಿಂದ ಜಾರಿಕೊಳ್ಳುವಂತಿಲ್ಲ. ಕೂಲಿ ಎಷ್ಟು ಎಂದು ಮಾತಾಡುವಾಗಲೇ ಗಾಡಿಯ ತಳ ಹೇಗಿದೆ ಎಂದೂ ಮಾತಾಡಿ. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರೂ ಕೇಳಿ. ಹಳೇ ಗಾಡಿ ಕೊಳ್ಳುವವರು ಇಂಜಿನ್ ಸದ್ದು ಕೇಳುವುದಕ್ಕೆ ಮುಂಚೆ ಕೇಳಿ.

ಕೇಳುವುದಕ್ಕೆ ನಾಚಿಕೆ ಬೇಡ, ಜಗಳವೂ ಬೇಡ. ಹತ್ತುವ ಮೊದಲು ಇಷ್ಟು ಹೇಳಿದರೆ ಸಾಕು: "ಅಣ್ಣಾ, ಆ ಮ್ಯಾಟ್ ಸ್ವಲ್ಪ ಎತ್ತಿ, ನೋಡೋಣ."