ಗಡಿಯ ಎರಡು ಕರೆಂಟ್ ಬಿಲ್ಲು

"ಏನ್ ಬೀಗರೇ, ನಿಮ್ಮ ಆಂಧ್ರದಾಗೆ ಇನ್ನೂ ಮನೆ ಕರೆಂಟಿಗೆ ದುಡ್ಡು ಕಟ್ತೀರಂತಲ್ಲ?" ಪಾವಗಡದ ನಮ್ಮ ಬೀಗರು ಮಡಕಶಿರಾಕ್ಕೆ ಬಂದಾಗಲೆಲ್ಲ ಹೀಗೆ ಚುಚ್ಚುತ್ತಾರೆ. ಅವರ ಬಿಲ್ಲಿನಲ್ಲಿ ಸೊನ್ನೆ. ನಾವು ತಲೆ ತಗ್ಗಿಸಿ ಕಾಫಿ ಕೊಡುತ್ತೇವೆ. ರಾಯದುರ್ಗದವರಿಗೂ ಮೊಳಕಾಲ್ಮೂರು, ಬಳ್ಳಾರಿ ನೆಂಟರಿಂದ ಇದೇ ಮಾತು. ಈ ಸಲ ನಾನು ಕಾಗದ ಪೆನ್ನು ಹಿಡಿದು ಕೂತೆ.

1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ ಯಾವುದಾದರೂ ಈ ಎರಡೂ ಊರಿಗೆ ತಿರುಪತಿಯ ದಕ್ಷಿಣ ವಿದ್ಯುತ್ ವಿತರಣಾ ಸಂಸ್ಥೆಯೇ ಗತಿ. ಗಡಿ ದಾಟಿದರೆ ಪಾವಗಡ, ಮೊಳಕಾಲ್ಮೂರಿಗೆ ಬೆಸ್ಕಾಂ, ಬಳ್ಳಾರಿಗೆ ಜೆಸ್ಕಾಂ. ಮನೆ ದರ ಎರಡಕ್ಕೂ ಒಂದೇ.

ಆಂಧ್ರದಲ್ಲಿ 2022ರ ಆಗಸ್ಟಿನಿಂದ ಬಂದ ದರ ಮೆಟ್ಟಿಲಿನಂತಿದೆ. ಮೊದಲ 30 ಯೂನಿಟ್‌ಗೆ 1 ರೂ. 90 ಪೈಸೆ, 75ರವರೆಗೆ 3 ರೂ., 125ರವರೆಗೆ 4.50, 225ರವರೆಗೆ 6 ರೂ., 400ರವರೆಗೆ 8.75, ಅದರಾಚೆ 9.75. ನಿಗದಿತ ಶುಲ್ಕ ಕಿಲೋವ್ಯಾಟಿಗೆ 10 ರೂ. ಕರ್ನಾಟಕದಲ್ಲಿ 2025ರ ಏಪ್ರಿಲ್‌ನಲ್ಲಿ ಬಂದ ದರದಂತೆ ಎಷ್ಟೇ ಉರಿಸಿದರೂ ಯೂನಿಟ್‌ಗೆ 5.80, ನಿಗದಿತ ಶುಲ್ಕ ಕಿಲೋವ್ಯಾಟಿಗೆ 145 ರೂ.

ತಿಂಗಳಿಗೆ 90 ಯೂನಿಟ್ ಸುಡುವ ಸಾಧಾರಣ ಮನೆಗೆ ಯೂನಿಟ್ ಲೆಕ್ಕದಲ್ಲೇ ನಮ್ಮಲ್ಲಿ 259 ರೂ. 50 ಪೈಸೆ, ಅವರಲ್ಲಿ 522 ರೂ. ಅಂದರೆ ಬಡವನ ಮನೆಗೆ ಆಂಧ್ರದ ದರವೇ ಅಗ್ಗ! 320 ಯೂನಿಟ್ ದಾಟಿದ ಮೇಲಷ್ಟೇ ನಮ್ಮದು ದುಬಾರಿ. ಬೀಗರ ಬಿಲ್ಲು ಸೊನ್ನೆಯಾಗಿರುವುದು ದರದಿಂದಲ್ಲ, 2023ರ ಜುಲೈಯಿಂದ ಬಂದ ಗೃಹಜ್ಯೋತಿಯಿಂದ. ಅವರ ಹಣವನ್ನು ಬೆಂಗಳೂರು ಕಟ್ಟುತ್ತಿದೆ.

ಆ ಸೊನ್ನೆಗೂ ಲೆಕ್ಕವಿದೆ. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಂತ ನಮ್ಮ ಕಡೆ ತಿಳಿದಿದ್ದಾರೆ, ಹಾಗಿಲ್ಲ. 2022-23ರಲ್ಲಿ ಸರಾಸರಿ 60 ಯೂನಿಟ್ ಸುಟ್ಟವರಿಗೆ ಶೇ. 10 ಸೇರಿಸಿ 66 ಮಾತ್ರ. ಅಣ್ಣತಮ್ಮಂದಿರು ಬೇರೆಯಾಗಿ ಹೊಸ ಮೀಟರ್ ಹಾಕಿಸಿದರೆ ಹಳೆ ಲೆಕ್ಕವೇ ಇಲ್ಲ, 58 ಯೂನಿಟ್ ಕೊಡುತ್ತಾರೆ, ಮಿಕ್ಕಿದ್ದಕ್ಕೆ ದುಡ್ಡು. ಇನ್ನು ಬೇಸಿಗೆಯಲ್ಲಿ ಕೂಲರ್ ತಿರುಗಿ 201 ಆಯಿತೋ, ಪೂರ್ತಿ ಬಿಲ್ಲು ತಲೆಮೇಲೆ: ಯೂನಿಟ್‌ಗೇ 1,165 ರೂ. ಚಿಲ್ಲರೆ, ಮೇಲೆ ನಿಗದಿತ ಶುಲ್ಕ, ತೆರಿಗೆ. ಅಷ್ಟೇ ಯೂನಿಟ್‌ಗೆ ನಮ್ಮಲ್ಲಿ 873.

ಹಾಗಂತ ನಮ್ಮವರನ್ನು ಹೊಗಳಲಾರೆ. ನಮ್ಮ ಬಿಲ್ಲಿನ ರೋಗದ ಹೆಸರು 'ಸರ್ದುಬಾಟು'. ಕರೆಂಟ್ ಕೊಂಡ ಖರ್ಚು ಏರಿದರೆ ತಿಂಗಳು ತಿಂಗಳು ಯೂನಿಟ್‌ಗೆ 40 ಪೈಸೆವರೆಗೆ ತಾನಾಗಿ ಸೇರಿಸಬಹುದು. ಅದು ಸಾಲದೆ, 2022-23ರಲ್ಲಿ ಉರಿಸಿದ ದೀಪಕ್ಕೆ 6 ಸಾವಿರ ಕೋಟಿ ರೂಪಾಯಿ ಮೀರಿದ ವಸೂಲಿಗೆ ನಿಯಂತ್ರಣ ಆಯೋಗ 2024ರ ಕೊನೆಯಲ್ಲಿ ಒಪ್ಪಿತು. ಕಡಲೆಕಾಯಿ ಮಾರಿ ಎರಡು ವರ್ಷವಾದ ಮೇಲೆ ಮಂಡಿಯವನಿಗೆ "ಇನ್ನಷ್ಟು ಕೊಡಪ್ಪ" ಅಂತ ನಾನು ಕೇಳಿದರೆ ಕೊಡುತ್ತಾನೆಯೇ? 1.90ರ ದರ ಬೋರ್ಡಿನ ಮೇಲಿದೆ, ಕೈಗೆ ಬರುವ ಚೀಟಿಯಲ್ಲಿ ಬೇರೆ. ಮೇಲಾಗಿ ಆ ಚೀಟಿಯಲ್ಲಿ ಕನ್ನಡವಿಲ್ಲ. ನನಗೆ ತೆಲುಗು ಬರುತ್ತದೆ, ಪದ್ಯವನ್ನೂ ಕಟ್ಟುತ್ತೇನೆ. ಆದರೂ ಆ ಸಾಲು ನನಗೇ ಅರ್ಥವಾಗದು. ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಅಮರಾಪುರ, ರೊಳ್ಳದ ಹೆಂಗಸರು ಏನು ಮಾಡಬೇಕು?

(ಪಕ್ಕದ ತಿರುಮಣಿ ಸುತ್ತ 2,050 ಮೆಗಾವಾಟಿನ ಸೋಲಾರ್ ಪಾರ್ಕಿದೆ. ಬಿಸಿಲಿಗೆ ಮಾತ್ರ ಗಡಿಯಿಲ್ಲ.)

ಪುಕ್ಕಟೆ ಕೊಡಿ ಎಂದು ನಾವು ಕೂಗುವ ಮೊದಲು ಇನ್ನೊಂದು ಕೇಳಬೇಕು. ಸರ್ದುಬಾಟು ಯಾವ ವರ್ಷದ್ದು, ಎಷ್ಟು ಯೂನಿಟ್‌ಗೆ, ಇನ್ನೆಷ್ಟು ತಿಂಗಳು ಎಂದು ಬಿಲ್ಲಿನಲ್ಲೇ ಬರೆಯಲಿ. ರಾಯದುರ್ಗ, ಮಡಕಶಿರಾದಲ್ಲಿ ಅದು ಕನ್ನಡದಲ್ಲೂ ಇರಲಿ. ಆಯೋಗದ ಕಚೇರಿ 2023ರಲ್ಲಿ ಹೈದರಾಬಾದಿನಿಂದ ಕರ್ನೂಲಿಗೆ ಬಂದಿದೆ. ದರದ ಮೇಲೆ ಬಹಿರಂಗ ವಿಚಾರಣೆ ನಡೆಯುತ್ತದೆ, ಯಾರು ಬೇಕಾದರೂ ಆಕ್ಷೇಪಣೆ ಬರೆದುಕೊಡಬಹುದು. ನಾನು ಎರಡೂ ಭಾಷೆಯಲ್ಲಿ ಬರೆದಿಟ್ಟಿದ್ದೇನೆ. ಸಹಿ ಹಾಕುವವರು ತಮ್ಮ ಮೂರು ತಿಂಗಳ ಬಿಲ್ಲು ತರಲಿ.

ಬೀಗರಿಗೂ ಹೇಳಿದ್ದೇನೆ, ಮುಂದಿನ ಸಲ ಬರುವಾಗ ಅವರ ಚಿಕ್ಕ ಮಗನ ಹೊಸ ಮನೆಯ ಬಿಲ್ಲು ಹಿಡಿದು ಬರಲಿ ಅಂತ.