ಭೂಮಿ ದುಂಡಗಿದೆ: ನಿಮ್ಮ ಮಾಳಿಗೆಯ ಮೇಲೆ ನೀವೇ ಅಳೆದು ನೋಡಿ



ಭೂಮಿ ತಟ್ಟೆಯ ಹಾಗೆ ಚಪ್ಪಟೆ, ಅದು ತಿರುಗುವುದೂ ಇಲ್ಲ, ಪಠ್ಯಪುಸ್ತಕದಲ್ಲಿರುವುದು ಸುಳ್ಳು ಎನ್ನುವ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಭೌತಶಾಸ್ತ್ರ, ಖಗೋಳ, ಗಾಳಿಯ ದಿಕ್ಕು ಎಲ್ಲವನ್ನೂ ಮುಂದಿಟ್ಟುಕೊಂಡೇ ಅವು ಮಾತಾಡುವುದರಿಂದ ಓದಿದವರೂ ಒಮ್ಮೆ ತಡವರಿಸುತ್ತಾರೆ. ಪ್ರಶ್ನೆ ಕೇಳುವುದು ತಪ್ಪಲ್ಲ. ಉತ್ತರ ಹುಡುಕದೆ ಅದನ್ನೇ ಸತ್ಯವೆಂದು ಮಕ್ಕಳ ತಲೆಗೆ ತುಂಬುವುದು ತಪ್ಪು. ಉಪಗ್ರಹದ ಚಿತ್ರಗಳನ್ನು ನಂಬುವುದಿಲ್ಲ ಎನ್ನುವವರಿಗಾಗಿ ಇಲ್ಲಿ ಅಂಥ ಒಂದು ಚಿತ್ರವನ್ನೂ ಸಾಕ್ಷಿಗೆ ಕರೆದಿಲ್ಲ. ನಿಮ್ಮ ಕಣ್ಣು, ಒಂದು ಕಟ್ಟಿಗೆ, ಒಂದು ಅಳತೆಪಟ್ಟಿ ಸಾಕು.

ನಮ್ಮ ಕಲಬುರಗಿ ಬಿಸಿಲ ನಾಡು, ನೆರಳಿನಿಂದಲೇ ಶುರುಮಾಡೋಣ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ 12 ಗಂಟೆ 18 ನಿಮಿಷಕ್ಕೆ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕಟ್ಟಿಗೆಗೆ ಅಲ್ಲಿ ನೆರಳೇ ಬೀಳುವುದಿಲ್ಲ. ಅದೇ ದಿನ ಕಲಬುರಗಿಯಲ್ಲಿ 12 ಗಂಟೆ 21 ನಿಮಿಷದ ಆಸುಪಾಸಿಗೆ ಒಂದು ಮೀಟರ್ ಕಟ್ಟಿಗೆಯ ನೆರಳು ಉತ್ತರಕ್ಕೆ ಏಳೂವರೆ ಸೆಂಟಿಮೀಟರಿನಷ್ಟು ಚಾಚುತ್ತದೆ. ಅಂದರೆ 4.36 ಡಿಗ್ರಿಯ ಓರೆ. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ಉತ್ತರ-ದಕ್ಷಿಣದ ಅಂತರ ಸುಮಾರು 480 ಕಿಲೋಮೀಟರ್. 4.36 ಡಿಗ್ರಿಗೆ 480 ಕಿ.ಮೀ. ಆದರೆ ಪೂರ್ತಿ 360 ಡಿಗ್ರಿಗೆ ಎಷ್ಟು? ಸುಮಾರು 39,600 ಕಿ.ಮೀ. ಭೂಮಿಯ ಸುತ್ತಳತೆ 40,000 ಕಿ.ಮೀ. ಎಂದು ಪುಸ್ತಕ ಹೇಳುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಎರಟೊಸ್ತನೀಸ್ ಮಾಡಿದ ಲೆಕ್ಕವೂ ಇದೇ.

ಇದಕ್ಕೂ ಚಪ್ಪಟೆವಾದಿಗಳ ಬಳಿ ಉತ್ತರವಿದೆ: ಸೂರ್ಯ ಹತ್ತಿರದಲ್ಲೇ ಇದ್ದಾನೆ, ಅದಕ್ಕೇ ನೆರಳು ಬೇರೆ ಬೇರೆ. ಸರಿ, ಅವರ ಮಾತನ್ನೇ ಹಿಡಿದು ನೋಡೋಣ. ನೆಲ ಚಪ್ಪಟೆಯಾಗಿದ್ದರೆ ಕಲಬುರಗಿಯ ನೆರಳಿನ ಪ್ರಕಾರ ಸೂರ್ಯನ ಎತ್ತರ ಸುಮಾರು 6,300 ಕಿ.ಮೀ. ಅದೇ ದಿನದ ಶ್ರೀನಗರದ ನೆರಳಿನಿಂದ ಲೆಕ್ಕ ಹಾಕಿದರೆ 6,050. ಲಂಡನ್ನಿನ ನೆರಳಿನಿಂದ 5,400. ಒಬ್ಬ ಸೂರ್ಯ ಒಂದೇ ದಿನ ಮೂರು ಎತ್ತರದಲ್ಲಿ ಇರಲಾರ. ಗೋಳದ ಲೆಕ್ಕ ಹಿಡಿದರೆ ಮೂರೂ ಊರು ಒಂದೇ ಸುತ್ತಳತೆ ಹೇಳುತ್ತವೆ. ಇನ್ನೊಂದು ಮಾತು. ಆರು ಸಾವಿರ ಕಿ.ಮೀ. ಎತ್ತರದ ಸೂರ್ಯ ಚಪ್ಪಟೆ ನೆಲದ ಮೇಲೆ ಎಷ್ಟೇ ದೂರ ಹೋದರೂ ಸಣ್ಣದಾಗಿ ಕಾಣಬೇಕೇ ಹೊರತು ಮುಳುಗಬಾರದು. ನಮ್ಮ ಸೂರ್ಯ ಆಳಂದ ರಸ್ತೆಯ ಕಡೆ ದಿನವೂ ಮುಳುಗುತ್ತಾನೆ, ಮಧ್ಯಾಹ್ನ ಇದ್ದಷ್ಟೇ ಅಗಲವಾಗಿ.

ಈಗ ಗಾಳಿ. ಭೂಮಿ ಪೂರ್ವಕ್ಕೆ ಅಷ್ಟು ವೇಗವಾಗಿ ತಿರುಗುತ್ತಿದ್ದರೆ ನಮಗೆ ಸದಾ ಬಿರುಗಾಳಿ ಬಡಿಯಬೇಕಿತ್ತಲ್ಲ ಎಂದು ಅವರು ಕೇಳುತ್ತಾರೆ. ಕಲಬುರಗಿಯ ಅಕ್ಷಾಂಶದಲ್ಲಿ ಆ ವೇಗ ಗಂಟೆಗೆ ಸುಮಾರು 1,600 ಕಿ.ಮೀ. ಎಂಬುದು ನಿಜ. ಆದರೆ ಗಾಳಿಯೂ ಭೂಮಿಯ ಜೊತೆಗೇ ಸಾಗುತ್ತದೆ. ವಾಡಿಯಿಂದ ಓಡಿಬರುವ ರೈಲಿನಲ್ಲಿ ಕಿಟಕಿ ಮುಚ್ಚಿ ಕುಳಿತವರಿಗೆ ಒಳಗಿನ ಗಾಳಿ ಬಡಿಯುವುದಿಲ್ಲವಲ್ಲ. ತಿರುಗುವಿಕೆ ನಮ್ಮನ್ನು ಹೊರಕ್ಕೆ ಎಸೆಯುವ ಸೆಳೆತವೂ ಗುರುತ್ವದ ಸಾವಿರ ಪಾಲಿನಲ್ಲಿ ಬರೀ ಮೂರು ಪಾಲು.

ಹಾಗೆಂದು ತಿರುಗುವಿಕೆ ಗಾಳಿಯ ಮೇಲೆ ಗುರುತನ್ನೇ ಬಿಡುವುದಿಲ್ಲ ಎಂದಲ್ಲ. ನಮ್ಮ ತೊಗರಿ ಹೊಲಗಳಿಗೆ ಮಳೆ ತರುವ ಮುಂಗಾರು ಹುಟ್ಟುವುದು ಸಮಭಾಜಕದ ಆಚೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಅದು ಆಗ್ನೇಯದಿಂದ ಬೀಸುವ ಗಾಳಿ. ಪೂರ್ವ ಆಫ್ರಿಕಾದ ಕರಾವಳಿಯ ಬಳಿ ಸಮಭಾಜಕ ದಾಟಿದ ಮೇಲೆ ತನ್ನ ಬಲಕ್ಕೆ ಹೊರಳಿ ನೈಋತ್ಯದ ಗಾಳಿಯಾಗಿ ನಮ್ಮ ಕಡೆ ಬರುತ್ತದೆ. ತಿರುಗುವ ಗೋಳದ ಮೇಲೆ ಗಾಳಿ ಉತ್ತರಾರ್ಧದಲ್ಲಿ ಬಲಕ್ಕೆ, ದಕ್ಷಿಣಾರ್ಧದಲ್ಲಿ ಎಡಕ್ಕೆ ವಾಲುತ್ತದೆ, ಸಮಭಾಜಕದ ಮೇಲೆ ಆ ವಾಲು ಸೊನ್ನೆ. ಇದನ್ನೇ ಕೊರಿಯೊಲಿಸ್ ಪರಿಣಾಮ ಎನ್ನುತ್ತಾರೆ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡಕ್ಕೆ ಬಂದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಹಾದುಹೋಯಿತು. ಅದೇ ವಾರ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಸೀಮೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಬಂಗಾಳ ಕೊಲ್ಲಿಯ ಅಂಥ ಸುಳಿಗಳೆಲ್ಲ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತವೆ. ಮಡಗಾಸ್ಕರ್, ಆಸ್ಟ್ರೇಲಿಯಾ ಕಡೆಯ ಚಂಡಮಾರುತಗಳು ಮುಳ್ಳಿನಂತೆಯೇ ಸುತ್ತುತ್ತವೆ. ಸಮಭಾಜಕಕ್ಕೆ ತೀರ ಹತ್ತಿರದಲ್ಲಿ ಚಂಡಮಾರುತ ಹುಟ್ಟುವುದೇ ಅಪರೂಪ. ನಿಂತ ತಟ್ಟೆಯ ಮೇಲೆ ಈ ವಾಲು ಇರಲೇಬಾರದು. ತಟ್ಟೆ ತಿರುಗುತ್ತದೆ ಎಂದು ಒಪ್ಪಿದರೂ ಎಲ್ಲ ಕಡೆ ಒಂದೇ ದಿಕ್ಕಿಗೆ ವಾಲಬೇಕಿತ್ತು. ನಟ್ಟನಡುವೆ ದಿಕ್ಕು ಬದಲಾಗುವುದು ಗೋಳದ ಮೇಲೆ ಮಾತ್ರ. ಗಾಳಿಯ ಹೆಸರು ಹೇಳಿ ವಾದ ಹೂಡುವವರು ಮೊದಲು ಇದಕ್ಕೆ ಉತ್ತರ ಕೊಡಲಿ.

ರಾತ್ರಿ ಊರಿನ ದೀಪ ದಾಟಿ ಕಮಲಾಪುರದ ಕಡೆಯ ಬಯಲಿಗೆ ಹೋಗಿ ನಿಲ್ಲಿ. ಮದುವೆಯಲ್ಲಿ ತೋರಿಸುವ ಧ್ರುವ ನಕ್ಷತ್ರ ಉತ್ತರಕ್ಕೆ ಸುಮಾರು 17 ಡಿಗ್ರಿ ಎತ್ತರದಲ್ಲಿದೆ. ಕನ್ಯಾಕುಮಾರಿಯಲ್ಲಿ ಅದು 8ಕ್ಕೆ ಇಳಿಯುತ್ತದೆ, ದೆಹಲಿಯಲ್ಲಿ 28 ದಾಟುತ್ತದೆ, ಸಮಭಾಜಕದ ಕೆಳಗೆ ಹೋದವರಿಗೆ ಕಾಣುವುದೇ ಇಲ್ಲ. ಚಳಿಗಾಲದಲ್ಲಿ ದಕ್ಷಿಣಕ್ಕೆ ಹೊಳೆಯುವ ಅಗಸ್ತ್ಯ ನಮಗೆ 20 ಡಿಗ್ರಿ ಮೇಲೇರುತ್ತದೆ, ಲಂಡನ್ನಿನವರಿಗೆ ಎಂದೂ ಮೂಡುವುದಿಲ್ಲ. 2025ರ ಸೆಪ್ಟೆಂಬರ್ 7ರ ರಾತ್ರಿಯ ಚಂದ್ರಗ್ರಹಣವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಹತ್ತು ಗಂಟೆಯಿಂದ ಚಂದ್ರನ ಮೇಲೆ ಏರಿದ ನೆರಳಿನ ಅಂಚು ಬಾಗಿತ್ತು. ಯಾವ ಗ್ರಹಣದಲ್ಲಿ ಹೇಗೆ ಬಿದ್ದರೂ ದುಂಡು ನೆರಳನ್ನೇ ಕೊಡುವ ಆಕಾರ ಗೋಳ ಒಂದೇ.

ಇದು ಪರದೇಶದಿಂದ ಬಂದ ವಿದ್ಯೆ ಎಂಬ ಮಾತೂ ನಿಲ್ಲುವುದಿಲ್ಲ. ಆರ್ಯಭಟ 499ರಲ್ಲೇ ಭೂಗೋಳವೆಂದ. 1150ರ ಸಿದ್ಧಾಂತ ಶಿರೋಮಣಿಯಲ್ಲಿ ಭಾಸ್ಕರಾಚಾರ್ಯ, ದೊಡ್ಡ ಗೋಳದ ಸಣ್ಣ ಪಾಲನ್ನಷ್ಟೇ ಕಾಣುವ ಮನುಷ್ಯನಿಗೆ ಅದು ಚಪ್ಪಟೆಯಾಗಿ ತೋರುತ್ತದೆ ಎಂದು ವಿವರಿಸಿದ. ನಮ್ಮ ಹಫ್ತ್ ಗುಂಬಜ್‌ನಲ್ಲಿ ಸಮಾಧಿಯಾದ ಫಿರೋಜ್ ಶಾ ಬಹಮನಿ 1407ರಲ್ಲಿ ದೌಲತಾಬಾದಿನ ಬಳಿ ನಕ್ಷತ್ರ ನೋಡುವ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ. 1815ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೀದರ್ ಸೀಮೆಯಲ್ಲಿ ನೆಲ ಅಳೆದ. ಅಂಥ ದೊಡ್ಡ ಸರ್ವೆಯ ತ್ರಿಕೋನಗಳ ಮೂರು ಕೋನ ಕೂಡಿಸಿದರೆ 180 ಡಿಗ್ರಿಗಿಂತ ತುಸು ಹೆಚ್ಚು ಬರುತ್ತದೆ, ಆ ಹೆಚ್ಚುವರಿಯನ್ನು ಕಳೆಯದೆ ನಕ್ಷೆ ಕೂಡುವುದಿಲ್ಲ. ಚಪ್ಪಟೆ ನೆಲದಲ್ಲಿ ಹಾಗಾಗದು. ಶಾಸ್ತ್ರ ತಿಳಿದ ಪಂಡಿತನಿಗೂ ಸುಲ್ತಾನನಿಗೂ ಸರ್ವೆಯವನಿಗೂ ಆಕಾಶ ಒಂದೇ ಲೆಕ್ಕ ಕೊಟ್ಟಿದೆ. ಭೂಮಿ ದುಂಡಗಿದೆ ಎನ್ನುವುದು ಯಾವ ಧರ್ಮದ ವಿರುದ್ಧದ ಮಾತೂ ಅಲ್ಲ.

ತಂದೆ-ತಾಯಿಯರಲ್ಲಿ ಒಂದು ವಿನಂತಿ. ಏಪ್ರಿಲ್ ಕೊನೆಗೆ ಶಾಲೆಗೆ ರಜೆ ಇರುತ್ತದೆ. 24ರ ಮಧ್ಯಾಹ್ನ ಮಕ್ಕಳನ್ನು ಮಾಳಿಗೆಗೆ ಕರೆದುಕೊಂಡು ಹೋಗಿ, ತಲೆಗೆ ಟವೆಲ್ ಹಾಕಿಕೊಂಡು ನೆರಳು ಅಳೆಯಿರಿ. ಅದೇ ಹೊತ್ತಿಗೆ ಬೆಂಗಳೂರಿನ ನೆಂಟರಿಗೆ ಫೋನ್ ಮಾಡಿ ಅಲ್ಲಿಯ ನೆರಳು ಕೇಳಿ. ಮೇ ಎರಡನೇ ವಾರದಲ್ಲಿ ನಮ್ಮಲ್ಲೇ ನೆರಳು ಮಾಯವಾಗುವ ದಿನ ಬರುತ್ತದೆ, ಅದನ್ನೂ ತೋರಿಸಿ. ಲೆಕ್ಕ ತಿಳಿಯದಿದ್ದರೆ ಗಣಿತದ ಗುರುಗಳನ್ನು ಕೇಳಿ, ನಗರದ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಈ ಹಾಳೆಯನ್ನು ಓದಿದ ಮೇಲೆ ಪಕ್ಕದ ಮನೆಗೆ ಕೊಡಿ.