ಬಿ.ಇ. ಓದಿ ಕರಿಕೋಟು ಯಾಕೆ ಅಂತೀರಾ?

"ಅಕ್ಕಾ, ನೀವಾದ್ರೂ ಇವಳಿಗೆ ಬುದ್ಧಿ ಹೇಳ್ರಿ. ಬಿ.ಇ. ಮುಗಿಸಿ ಈಗ ಲಾ ಓದ್ತಾಳಂತೆ. ನಾಲ್ಕು ವರ್ಷ ಫೀಸು ಕಟ್ಟಿದ್ದು ಹೊಳೇಲಿ ಹುಣಸೆಹಣ್ಣು ತೊಳೆದಂಗಾತು!" ಹೊಸಪೇಟೆಯ ನಮ್ಮ ಓಣಿಯ ಗೆಳತಿಯೊಬ್ಬರು ಮೊನ್ನೆ ಹೀಗೆ ಗೋಳಾಡಿದರು. ಮಗಳಿಗೆ ಪೇಟೆಂಟ್ ವಕೀಲೆ ಆಗಬೇಕಂತೆ.

ನನಗೇನೋ ಹುಡುಗಿಯ ಮಾತೇ ಸರಿ ಅನ್ನಿಸಿತು. ಹೊಸದಾಗಿ ಕಂಡುಹಿಡಿದದ್ದಕ್ಕೆ ಸರ್ಕಾರ 20 ವರ್ಷ ಕೊಡುವ ಹಕ್ಕು ಪೇಟೆಂಟ್. ಅದನ್ನು ಕದ್ದರು ಅಂತಲೋ, ಆ ಹಕ್ಕೇ ಸರಿಯಿಲ್ಲ ಅಂತಲೋ ಜಗಳ ಕೋರ್ಟಿಗೆ ಹೋದಾಗ ಮಷೀನು, ಔಷಧಿಯ ಒಳಗುಟ್ಟು ತಿಳಿದವರಿಗೇ ಬಲ ಹೆಚ್ಚು. ಪೇಟೆಂಟ್ ಏಜೆಂಟ್ ಪರೀಕ್ಷೆಗಂತೂ ವಿಜ್ಞಾನ ಇಲ್ಲವೇ ಎಂಜಿನಿಯರಿಂಗ್ ಪದವಿ ಬೇಕೇ ಬೇಕು, ನನ್ನಂಥ ಬಿ.ಎ.ಗಳಿಗೆ ಪ್ರವೇಶವಿಲ್ಲ! ಏಜೆಂಟರ ಕೆಲಸ ಪೇಟೆಂಟ್ ಕಚೇರಿಯಲ್ಲಿ. ಕೋರ್ಟಿನಲ್ಲಿ ವಾದಿಸಬೇಕೆಂದರೆ ಮತ್ತೆ ಮೂರು ವರ್ಷದ ಎಲ್‌ಎಲ್.ಬಿ. ಓದಬೇಕು.

ಇದೆಲ್ಲ ನಮಗ್ಯಾಕೆ ಅಂತೀರಾ? ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದರೆ ಗೊತ್ತಾಗುತ್ತೆ. 2008ರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಎರ್ಲೋಟಿನಿಬ್ ಮಾತ್ರೆ ರೋಶ್ ಕಂಪನಿಯದು ಒಂದಕ್ಕೆ 4800 ರೂಪಾಯಿ, ಸಿಪ್ಲಾದ್ದು 1600. ಸಿಪ್ಲಾದ ಮಾರಾಟ ನಿಲ್ಲಿಸಿ ಅಂತ ರೋಶ್ ಕೇಳಿದಾಗ, ದೆಹಲಿ ಹೈಕೋರ್ಟ್ ರೋಗಿಗಳ ಹಿತವನ್ನೂ ನೋಡಿ ತಡೆಯಾಜ್ಞೆ ಕೊಡಲಿಲ್ಲ. ಸಿಪ್ಲಾ ಪರ ನಿಂತ ವಕೀಲರಲ್ಲಿ ಬೆಂಗಳೂರಿನ ಯೂನಿವರ್ಸಿಟಿ ಲಾ ಕಾಲೇಜಿನಲ್ಲಿ ಓದಿದ ಪ್ರತಿಭಾ ಎಂ. ಸಿಂಗ್ ಒಬ್ಬರು. 2017ರಲ್ಲಿ ಅವರು ಅದೇ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಆ ಕೇಸು ಮಾತ್ರ ಎಳೆದೂ ಎಳೆದೂ, 2015ರಲ್ಲಿ ಸಿಪ್ಲಾದ್ದು ಪೇಟೆಂಟ್ ಉಲ್ಲಂಘನೆ ಅಂತ ತೀರ್ಪು ಬಂತು. ಪೇಟೆಂಟಿನ ಅವಧಿಯೇ ಮುಗಿಯುತ್ತ ಬಂದಿದ್ದರಿಂದ ಮಾರಾಟವನ್ನು ಆಗಲೂ ತಡೆಯಲಿಲ್ಲ.

ನಮ್ಮ ಸಂಡೂರಿನ ಲಂಬಾಣಿ ಕಸೂತಿಗೆ ಸಿಕ್ಕ ಜಿಐ ಮಾನ್ಯತೆಯೂ ಇದೇ ಬಳಗದ ಇನ್ನೊಂದು ಕಾನೂನಿನದು. ಎಲ್ಲೋ ಮಷೀನಿನಲ್ಲಿ ಹೊಲಿದದ್ದನ್ನು ಸಂಡೂರಿನದು ಅಂತ ಹಂಪಿಗೆ ಬಂದವರಿಗೆ ಮಾರಿದರೆ, ಆ ಹೆಣ್ಣುಮಕ್ಕಳ ಪರ ಕೋರ್ಟಿನಲ್ಲಿ ಕೇಳೋರು ಬೇಡವೇ?

ಹಾಗಂತ ಹೂವಿನ ಹಾಸಿಗೆ ಏನಲ್ಲ. ಈ ಕೆಲಸ ಹೆಚ್ಚಾಗಿ ಸಿಗೋದು ಬೆಂಗಳೂರು, ಚೆನ್ನೈ, ದೆಹಲಿಯಲ್ಲಿ. ಜೂನಿಯರ್ ಆಗಿದ್ದಾಗ ಕೈಗೆ ಬರುವ ದುಡ್ಡು ಸಾಫ್ಟ್‌ವೇರ್‌ನವರ ಸಂಬಳದ ಮುಂದೆ ಕಡಿಮೆಯೇ ಇರಬಹುದು. ಫೀಸು, ಹಾಸ್ಟೆಲ್ ಖರ್ಚು ಮೊದಲೇ ಲೆಕ್ಕ ಹಾಕಿ, ಮದುವೆಗೆ ಅಂತ ಎತ್ತಿಟ್ಟಿದ್ದರಲ್ಲಿ ಒಂದಿಷ್ಟು ತೆಗೀರಿ ಅಂದೆ. ಗೆಳತಿ, "ಕಂಪ್ಲಿಯ ನಮ್ಮ ಅತ್ತೆಯವರನ್ನ ಒಂದು ಮಾತು ಕೇಳ್ತೀನ್ರಿ" ಅಂದರು. ಕೇಳಲಿ. ಕೇಳುವಾಗ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ.